ಅರ್ಧ ಒತ್ತಿದ ಬ್ರೇಕು

ನನ್ನ ಬಲಗಾಲಿಗೆ ಒಂದು ಚಾಳಿ ಅಂಟಿಕೊಂಡಿದೆ. ಯಾರದೇ ಗಾಡಿಯಲ್ಲಿ ಕುಳಿತಿರಲಿ, ಎದುರಿಗೆ ಒಂದು ನಾಯಿ ಅಡ್ಡ ಬಂದರೂ ಸಾಕು, ಅದು ನನ್ನನ್ನು ಕೇಳದೆಯೇ ಕಾಲಡಿಯ ನೆಲವನ್ನು ಒತ್ತಿ ಹಿಡಿಯುತ್ತದೆ. ಬಸ್ಸಿನ ಕೊನೆಯ ಸೀಟಿನಲ್ಲಿದ್ದರೂ ಒತ್ತುತ್ತದೆ. ಟೀವಿಯಲ್ಲಿ ಯಾವುದೋ ಧಾರಾವಾಹಿಯ ನಾಯಕಿ ಅಳುತ್ತಾ ಕಾರಿಗೆ ಅಡ್ಡ ಓಡಿದಾಗ ಹೀಗೇ ಒತ್ತಲು ಹೋಗಿ, ಕಾಲ ಬಳಿ ಇಟ್ಟುಕೊಂಡಿದ್ದ ಚಹಾದ ಬಟ್ಟಲನ್ನು ಉರುಳಿಸಿದ್ದೇನೆ. ನಾಯಕಿ ಬದುಕಿಕೊಂಡಳು. ನಮ್ಮ ಜಮಖಾನೆಯ ಕಲೆ ಮಾತ್ರ ಇನ್ನೂ ಹೋಗಿಲ್ಲ. ನಿಮ್ಮಲ್ಲೂ ಕೆಲವರಿಗೆ ಈ ಚಾಳಿ ಇದ್ದೀತು. ಇದ್ದರೆ ನಾಚಿಕೆ ಪಟ್ಟುಕೊಳ್ಳಬೇಡಿ. ಗಾಡಿ ನಡೆಸುವವರ ಮೇಲೆ ನಮಗಿರುವ ನಂಬಿಕೆ ಅಷ್ಟರಮಟ್ಟಿನದು, ಅಷ್ಟೇ.

ನನಗೆ ಇದು ಬಂದದ್ದು ಗಿರಿಜತ್ತೆಯಿಂದ. ಅವಳು ನನ್ನ ಅಪ್ಪನ ಅಕ್ಕ. ಗಜೇಂದ್ರಗಡದ ನಮ್ಮ ಮನೆಯಲ್ಲಿ, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುವ ಕುಣಿಮಗ್ಗದಲ್ಲಿ, ಜೀವಮಾನವೆಲ್ಲ ಸೀರೆ ನೇಯ್ದವಳು. ಸಣ್ಣವಳಿದ್ದಾಗ ನಾನು ಆ ಗುಂಡಿಯ ಅಂಚಿಗೆ ಹೊಟ್ಟೆಯ ಮೇಲೆ ಮಲಗಿ ಅವಳ ಪಾದಗಳನ್ನೇ ನೋಡುತ್ತಿದ್ದೆ. ಮೇಲೆ ಕೈಗಳು ಲಾಳಿ ಎಸೆಯುತ್ತಿದ್ದವು, ಬಾಯಿ ಓಣಿಯ ಸುದ್ದಿಯನ್ನು ನೇಯುತ್ತಿತ್ತು, ಕೆಳಗೆ ಪಾದಗಳು ಇದಾವುದಕ್ಕೂ ಸಂಬಂಧವೇ ಇಲ್ಲದವರಂತೆ ಹಲಗೆಗಳನ್ನು ತುಳಿಯುತ್ತಿದ್ದವು. ಒಂದು ಎಳೆ ಕಡಿದರೆ ಸಾಕು, ಅವಳು ಬಗ್ಗಿ ನೋಡುವ ಮೊದಲೇ ಕಾಲು ನಿಂತುಬಿಡುತ್ತಿತ್ತು.

"ಹ್ಯಾಂಗ ಗೊತ್ತಾತ ಅತ್ತಿ?" ಎಂದು ಕೇಳಿದರೆ, "ನನಗೇನ ಗೊತ್ತು? ಕಾಲಿಗೆ ಗೊತ್ತಾಗತೈತಿ, ಅದನ್ನ ಕೇಳ" ಎನ್ನುತ್ತಿದ್ದಳು. ನಾನು ನಿಜವಾಗಿಯೂ ಗುಂಡಿಯೊಳಗೆ ತಲೆ ಹಾಕಿ ಕೇಳಿದ್ದೆ. ಕಾಲು ಏನೂ ಹೇಳಲಿಲ್ಲ. ಹೆಬ್ಬೆರಳು ಮಾತ್ರ ಮೂಗಿಗೆ ತಾಗಿತು.

ಆ ಕಾಲದಲ್ಲಿ ನಮ್ಮೂರಿನ ಬಾಡಿಗೆ ಸೈಕಲ್ಲುಗಳಿಗೆ ಬ್ರೇಕು ಎನ್ನುವುದು ಹ್ಯಾಂಡಲ್ಲಿಗೆ ತೂಗುಬಿದ್ದ ಅಲಂಕಾರ. ನಿಲ್ಲಿಸಬೇಕೆಂದರೆ ಚಪ್ಪಲಿಯ ತುದಿಯನ್ನು ಮುಂದಿನ ಗಾಲಿಗೆ ಒತ್ತಬೇಕು. ಒಂದು ಸಂಜೆ ಬಸ್‌ಸ್ಟ್ಯಾಂಡಿನ ಕಡೆಗೆ ಇಳಿಯುವ ರಸ್ತೆಯಲ್ಲಿ ಚಪ್ಪಲಿ ಕಾಲಿನಿಂದ ಕಳಚಿ ತನ್ನ ದಾರಿ ಹಿಡಿಯಿತು, ಸೈಕಲ್ಲು ತನ್ನ ದಾರಿ ಹಿಡಿಯಿತು. ಎದುರಿಗೆ ನಿಂತಿದ್ದ ಬಸ್ಸು, ಎಮ್ಮೆ ಮತ್ತು ಚುರಮರಿ ಚೀಲ ಈ ಮೂರರಲ್ಲಿ ಮೆತ್ತಗಿನದು ಯಾವುದೆಂದು ಆರಿಸುವಷ್ಟು ಬುದ್ಧಿ ಮಾತ್ರ ನನಗೆ ಉಳಿದಿತ್ತು. ಚೀಲ ಹರಿದು ಚುರಮರಿ ಹಬ್ಬದ ಹೂವಿನಂತೆ ಮೇಲೆ ಹಾರಿತು. ಸುದ್ದಿ ತಿಳಿದು ಓಡಿಬಂದ ಅತ್ತೆ ನನಗೂ ಬೈಯಲಿಲ್ಲ, ಚುರಮರಿಯವಳಿಗೂ ಸಮಾಧಾನ ಹೇಳಲಿಲ್ಲ. ನೆಟ್ಟಗೆ ಸೈಕಲ್ ಅಂಗಡಿಗೆ ಹೋಗಿ, "ನಿಂದರಸಾಕ ಬರದ್ದನ್ನ ಓಡಸಾಕ ಯಾಕ ಕೊಡ್ತಿ?" ಎಂದು ಆ ಮನುಷ್ಯನನ್ನು ನಿಲ್ಲಿಸಿಕೊಂಡಳು. ಅಂದಿನಿಂದ ಅವಳಿಗೆ ಉರುಳುವ ಯಾವ ವಸ್ತುವಿನ ಮೇಲೂ ನಂಬಿಕೆ ಉಳಿಯಲಿಲ್ಲ. ಬಸ್ಸು, ಟೆಂಪೊ, ಜೀಪು, ಎಲ್ಲದರಲ್ಲೂ ಮುಂದೆಯೇ ಕುಳಿತು ಎರಡೂ ಪಾದಗಳಿಂದ ನೆಲ ಒತ್ತತೊಡಗಿದಳು. ಪಕ್ಕದಲ್ಲಿ ಕೂರುತ್ತಿದ್ದ ನಾನೂ ಒತ್ತುವುದನ್ನು ಕಲಿತೆ.

ಮದುವೆಯಾಗಿ ರೋಣಕ್ಕೆ ಬಂದ ಮೇಲೆ ನನಗೆ ಇನ್ನೊಂದು ಬಗೆಯ ಕಾಲಿನ ಪರಿಚಯವಾಯಿತು. ಅದು ನಮ್ಮ ಮನೆಯವರದು. ಅವರ ಹೆಸರು ಬಸವರಾಜ. ಬಾಯಿಬಿಟ್ಟು ಹೇಳುವುದಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ. ಪೇಟೆಯಲ್ಲಿ ಅವರದೊಂದು ಭಾಂಡೆ ಪಾತ್ರೆಗಳ ಅಂಗಡಿಯಿದೆ, ಅದರ ಹಿಂದಿನ ಕೋಣೆಯಲ್ಲಿ ನಾನು ಜಂಪರು ಹೊಲಿಯುತ್ತೇನೆ. ಅಂಗಡಿಯ ಬಾಗಿಲಿಗೆ ಅಡ್ಡವಾಗಿ ಯಾರಾದರೂ ಟ್ರ್ಯಾಕ್ಟರು ನಿಲ್ಲಿಸಿದರೆ ನಮ್ಮ ಮನೆಯವರು ತಕ್ಕಡಿ ಬಿಟ್ಟು ಧಡಕ್ಕನೆ ಎದ್ದು ಹೋಗುವ ರಭಸ ನೋಡಿದರೆ ಇವತ್ತು ಒಂದು ಜಗಳ ಖಂಡಿತ ಎನಿಸುತ್ತದೆ. ನಾಲ್ಕು ಹೆಜ್ಜೆಯಲ್ಲಿ ರಭಸ ಅರ್ಧಕ್ಕಿಳಿಯುತ್ತದೆ. ಟ್ರ್ಯಾಕ್ಟರಿನ ಹತ್ತಿರ ಮುಟ್ಟುವಷ್ಟರಲ್ಲಿ "ಊರಾಗ ಮಳಿ ಹ್ಯಾಂಗ್ರಿ?" ಎಂದು ಕೇಳುತ್ತಿರುತ್ತಾರೆ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತಾರೆ. ಟ್ರ್ಯಾಕ್ಟರು ಅಲ್ಲೇ ಇರುತ್ತದೆ.

ಸ್ಕೂಟರಿನ ಬ್ರೇಕನ್ನೂ ಅವರು ಹೀಗೇ ಒತ್ತುತ್ತಿದ್ದರು. ಕಾಲು ಮಿಂಚಿನಂತೆ ಹೋಗುತ್ತಿತ್ತು, ತಲುಪಿದ ಮೇಲೆ ಸಂಕೋಚಪಡುತ್ತಿತ್ತು. ಗುದ್ದಿಸಿಕೊಂಡ ಹಂದಿ, ಗೋಡೆ, ತಳ್ಳುಗಾಡಿಗಳಿಗೆಲ್ಲ ಅವರು ಇಳಿದು ಕ್ಷಮೆ ಕೇಳಿದ್ದಾರೆ.

ನಮ್ಮ ಮಗಳು ವಿದ್ಯಾ ಐ.ಟಿ.ಐ.ಯಲ್ಲಿ ಮೋಟಾರು ಮೆಕ್ಯಾನಿಕ್ ವಿದ್ಯೆ ಕಲಿಸುತ್ತಾಳೆ. ಇಂಜಿನ್ನು ಬಿಚ್ಚಿ ಹರವಿ ಮತ್ತೆ ಕೂಡಿಸುವುದೆಂದರೆ ಅವಳಿಗೆ ರಂಗೋಲಿ ಹಾಕಿದಷ್ಟು ಸರಾಗ. ಮನೆಗೊಂದು ಕಾರು ತರುವ ಮಾತು ಬಂದಾಗ ಅವಳೇ ಅಪ್ಪನನ್ನು ಶೋರೂಮಿಗೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಪ್ರಶ್ನೆ ಕೇಳುತ್ತಿದ್ದವಳು ಅವಳು. ಅಂಗಡಿಯ ತರುಣ ಉತ್ತರ ಹೇಳುತ್ತಿದ್ದುದು ಇವರಿಗೆ. ಇವರು ಉತ್ತರ ಕೇಳಿಸಿಕೊಂಡು ಅವಳ ಮುಖ ನೋಡುತ್ತಿದ್ದರು. ಹೀಗೆ ಮಾತು ಒಂದು ಸುತ್ತು ಹಾಕಿ ಬರುತ್ತಿತ್ತು.

"ಬ್ರೇಕ್ ಅಸಿಸ್ಟ್ ಐತೇನ್ರಿ ಇದರಾಗ?" ಎಂದು ವಿದ್ಯಾ ಕೇಳಿದಳು.

ತರುಣ ನಮ್ಮ ಮನೆಯವರ ಕಡೆ ತಿರುಗಿ, "ಸೀಟ್ ಕವರ್ ಫ್ರೀ ಕೊಡ್ತೀವ್ರಿ ಸರ್" ಎಂದ.

ಕಾರು ಬಂದಿತು. ಅದರೊಳಗೆ ಆ ಬ್ರೇಕ್ ಅಸಿಸ್ಟೂ ಇತ್ತು. ಹಾಗೆಂದರೇನೆಂದು ವಿದ್ಯಾ ಊಟಕ್ಕೆ ಕುಳಿತಾಗ ಹೇಳಿದಳು. ಹೆದರಿದ ಮನುಷ್ಯನ ಕಾಲು ಬ್ರೇಕಿನ ಮೇಲೆ ಬೇಗ ಬೀಳುತ್ತದಂತೆ, ಆದರೆ ಪೂರ್ತಿ ಒತ್ತುವುದಿಲ್ಲವಂತೆ. ಅರ್ಧ ಒತ್ತಿ, ಒತ್ತಿದೆನೆಂದುಕೊಳ್ಳುತ್ತಾನೆ. ಆ ಅರ್ಧದಲ್ಲಿಯೇ ಅಪಘಾತ ಆಗುವುದು. ಅದಕ್ಕೆ ಗಾಡಿಯೊಳಗೆ ಕೂತ ಯಂತ್ರ ಕಾಲಿನ ವೇಗವನ್ನು ಅಳೆಯುತ್ತದೆ. ಮೆಲ್ಲಗೆ ಬಂದ ಕಾಲನ್ನು ತನ್ನ ಪಾಡಿಗೆ ಬಿಡುತ್ತದೆ. ಧಡಕ್ಕನೆ ಬಂದರೆ, ಇವನಿಗೆ ಏನೋ ಗಂಡಾಂತರ ಕಂಡಿದೆ ಎಂದು ತಿಳಿದು ಉಳಿದ ಅರ್ಧವನ್ನು ತಾನೇ ಒತ್ತುತ್ತದೆ.

"ಹಂಗಾರ ಗಾಡಿ ನಿಮ್ಮಪ್ಪನ್ನ ನೋಡೇ ಮಾಡ್ಯಾರ" ಎಂದೆ ನಾನು.

ನಮ್ಮ ಮನೆಯವರು ರೊಟ್ಟಿ ಮುರಿಯುತ್ತಾ, "ಭಾಳ ಚಲೋ ಆತಲ್ಲ. ಇನ್ನ ನಾ ಅರ್ಧ ಒತ್ತಿದ್ರ ಸಾಕು" ಎಂದರು.

"ಅಪ್ಪಾ, ಒಂದ ಮಾತು" ಎಂದಳು ವಿದ್ಯಾ. "ನೀವು ಕಾಲ ತಗದ್ರ ಅದೂ ಬಿಡತೈತಿ. ಗಾಡಿ ಪೂರ್ತಿ ನಿಲ್ಲೂತನಕ ಕಾಲ ತಗೀಬಾರದು."

ಇದು ಹೇಳಿದಷ್ಟು ಸುಲಭವಲ್ಲವೆಂದು ರವಿವಾರ ಗೊತ್ತಾಯಿತು. ಐ.ಟಿ.ಐ. ಹಿಂದಿನ ಬಯಲಿನಲ್ಲಿ ವಿದ್ಯಾ ಒಂದು ಖಾಲಿ ಎಣ್ಣೆ ಡಬ್ಬಿಯನ್ನು ನಿಲ್ಲಿಸಿ, ಅದು ಮನುಷ್ಯನೆಂದು ತಿಳಿದು ಬ್ರೇಕು ಹಾಕಿರೆಂದಳು. ಇವರು ಓಡಿಸಿಕೊಂಡು ಬಂದು ಒತ್ತಿದರು. ಗಟ್ಟಿ ಬ್ರೇಕು ಬಿದ್ದಾಗ ಗಾಲಿಗಳು ಕಚ್ಚಿಕೊಂಡು ಜಾರದ ಹಾಗೆ ಇನ್ನೊಂದು ಯಂತ್ರ ಹಿಡಿದು ಬಿಟ್ಟು ಮಾಡುತ್ತದೆ. ಆಗ ಕಾಲಡಿಯ ಪೆಡಲು ಗರಗರ ನಡುಗುತ್ತದೆ. ನಡುಗಿದ ಕೂಡಲೇ ಇವರು ಕಾಲು ತೆಗೆದುಬಿಟ್ಟರು. ಡಬ್ಬಿ ಹೋಗಿ ಬೇಲಿಯಲ್ಲಿ ಬಿತ್ತು.

"ಯಾಕ ತಗದ್ರಿ?"

"ಗಾಡಿ ಬ್ಯಾಡ ಅಂತವಾ."

"ಅದು ಬ್ಯಾಡ ಅನ್ನಾಕತ್ತಿಲ್ಲಪ್ಪಾ, ಕೆಲಸಾ ಮಾಡಾಕತ್ತೈತಿ."

ಇವರು ಬೇಲಿಯವರೆಗೆ ನಡೆದು ಹೋಗಿ ಡಬ್ಬಿಯನ್ನು ಎತ್ತಿ, ಧೂಳು ಕೊಡವಿ, "ಪಾಪ" ಎಂದು ಮತ್ತೆ ನಿಲ್ಲಿಸಿದರು. ಆ ದಿನ ಡಬ್ಬಿ ಎಷ್ಟು ಸಲ ಸತ್ತಿತೋ ಲೆಕ್ಕವಿಲ್ಲ. ಹಿಂದಿನ ಸೀಟಿನಿಂದ ವಿದ್ಯಾ, ಪಾಠ ಹೇಳುವ ಅದೇ ಸಪ್ಪೆ ದನಿಯಲ್ಲಿ, "ಕಾಲ ತಗೀಬ್ಯಾಡ್ರಿ" ಎನ್ನುತ್ತಲೇ ಇದ್ದಳು. ಹೊತ್ತು ಏರಿ ನೆರಳು ಕಾಲಡಿಗೆ ಬಂದಾಗ ಡಬ್ಬಿಯ ಮುಂದೆ ಕಾರು ನಿಂತಿತು. ಇಳಿದವರೇ ಇವರು ಡಬ್ಬಿಗೆ ಕೈ ಮುಗಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ನಡುವೆ ವಿದ್ಯಾಳಿಗೆ ನರಗುಂದದ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗನ ಹೆಸರು ಮಂಜುನಾಥ. ಸ್ವಂತ ಕುಸುಬಿ ಎಣ್ಣೆಯ ಗಾಣ. ತಂದೆ ಇಲ್ಲ, ತಾಯಿ ಇದ್ದಾರೆ. ಅವರು ಬಂದು ನಮ್ಮ ಹುಡುಗಿಯನ್ನು ನೋಡಿ ಒಪ್ಪಿಹೋಗಿದ್ದರು. ಒಂದೇ ತಕರಾರು: ಹೆಣ್ಣುಮಗಳು ಗಂಡುಹುಡುಗರಿಗೆ ಗಾಡಿ ರಿಪೇರಿ ಕಲಿಸುವ ಕೆಲಸ ಮದುವೆಯ ಮೇಲೂ ಮಾಡಬೇಕೇ ಎಂದು. ಆ ತಕರಾರು ಹುಡುಗನದಲ್ಲ, ಅವನ ಸೋದರಮಾವನದಂತೆ. ತಂದೆಯಿಲ್ಲದ ಮನೆಯನ್ನು ನಿಭಾಯಿಸಿಕೊಂಡು ಬಂದವನು ಆ ಮಾವ, ಅವನ ಮಾತು ಮುರಿಯುವವರಿಲ್ಲ ಎಂದು ಕೇಳಿದ್ದೆವು. ಆ ದಿನ ಅವನು ಬಂದಿರಲಿಲ್ಲ. ಈಗ ನಾವು ಅವರ ಮನೆ ನೋಡಲು ಹೋಗಬೇಕಿತ್ತು.

ಮನೆ ನೋಡಲು ಹೋಗುವಾಗ ಹುಡುಗಿಯನ್ನು ಕರೆದೊಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಹಿಂದಿನ ದಿನವೇ ಗಜೇಂದ್ರಗಡದಿಂದ ಬಸ್ಸಿನಲ್ಲಿ ಬಂದಿಳಿದಿದ್ದ ಗಿರಿಜತ್ತೆ ಆ ಪದ್ಧತಿಯನ್ನು ನಮ್ಮ ಪಡಸಾಲೆಯಲ್ಲೇ ಮುಗಿಸಿದಳು.

"ಬಾಳೇ ಮಾಡಾಕಿ ಯಾರು?"

"ವಿದ್ಯಾ."

"ಮತ್ತ ಮನಿ ನೋಡಾಕ ನಾವ್ಯಾಕ? ಅಕಿನ್ನ ಕರಕೊಂಡ ನಡೀರಿ. ಸೀರಿ ಉಡಾಕಿ ಒಬ್ಬಾಕಿ, ಆರಸಾಕಿ ಇನ್ನೊಬ್ಬಾಕಿ ಆದ್ರ ಹ್ಯಾಂಗ?"

ಹೀಗೆ ನಾವು ಹೊರಟೆವು. ಇವರು ಸ್ಟೀರಿಂಗ್ ಹಿಡಿದಿದ್ದರು. ಹಿಂದೆ ಕೂತರೆ ವಾಂತಿ ಬರುತ್ತದೆಂದು ಅತ್ತೆ ಮುಂದೆ ಕುಳಿತಳು. ವಾಂತಿ ಒಂದು ನೆಪ, ನೆಲ ಒತ್ತುವುದು ಕಾರಣ. ನಾನೂ ವಿದ್ಯಾಳೂ ಹಿಂದೆ. ಕಡಲೆ ಕೀಳುವ ಕಾಲ. ಎರಡೂ ಕಡೆ ಎರೆಹೊಲಗಳು ಬೋಳಾಗಿ ಕಪ್ಪಗೆ ಮಲಗಿದ್ದವು. ಅಲ್ಲಲ್ಲಿ ರಸ್ತೆಯ ಮೇಲೆಯೇ ಕಡಲೆಗಿಡ ಹರವಿದ್ದರು. ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕಿ ಪುಕ್ಕಟೆ ಒಕ್ಕಣೆಯಾಗುತ್ತದಲ್ಲ, ಅದಕ್ಕೆ. ನಮ್ಮ ಮನೆಯವರಿಗೆ ಬೆಳೆಯ ಮೇಲೆ ಗಾಡಿ ಹಾಯಿಸಲು ಮನಸ್ಸಾಗದು. ಪ್ರತಿ ರಾಶಿಯ ಮುಂದೂ ನಿಧಾನಿಸಿ ಬದಿಯಿಂದ ಹೋಗುತ್ತಿದ್ದರು. ಒಂದು ಕಡೆ ರಾಶಿ ಕಾಯುತ್ತಿದ್ದ ಹೆಂಗಸು ನಡುರಸ್ತೆಗೆ ಬಂದು ನಿಂತು, "ಯಾಕ್ರಿ ಯಣ್ಣಾ, ನಮ್ಮ ಕಡ್ಲಿ ನಿಮ್ಮ ಗಾಡಿಗೆ ಮೈಲಿಗೀ ಆಗತೈತೇನು? ಮ್ಯಾಲೆ ಹಾಯಿಸ್ರಿ" ಎಂದಳು. ಇವರು ಹಿಂದಕ್ಕೆ ಹೋಗಿ, ಮತ್ತೆ ಮುಂದೆ ಬಂದು, ಅವಳ ಸಮಾಧಾನಕ್ಕೆ ಎರಡೆರಡು ಸಲ ತುಳಿಸಿದರು. ಸೋದರಮಾವನನ್ನು ಒಪ್ಪಿಸಲು ಹೊರಟ ಮನುಷ್ಯ ಇವರು.

ಬೆಳವಣಕಿ ದಾಟಿದ ಮೇಲೆ ರಸ್ತೆ ನೆಟ್ಟಗಿತ್ತು. ಕಾರು ಸ್ವಲ್ಪ ವೇಗವಾಗಿಯೇ ಹೋಗುತ್ತಿತ್ತು. ಎಡಕ್ಕೆ ಆಳೆತ್ತರಕ್ಕೆ ಒಟ್ಟಿದ ಕಡಲೆಗಿಡದ ಬಣವೆ. ಅದರ ಹಿಂದೆ ಹೊಲದಿಂದ ಬರುವ ಒಂದು ಹಾದಿಯನ್ನು ಅದು ಯಾರಿಗೂ ಕಾಣಗೊಡುತ್ತಿರಲಿಲ್ಲ. ಆ ಬಣವೆಯ ಮರೆಯಿಂದ ಒಂದು ಮೋಟಾರ್‌ಸೈಕಲ್ ಸೀದಾ ನಮ್ಮ ಎದುರಿಗೆ ಬಂದಿತು. ಓಡಿಸುತ್ತಿದ್ದ ದೊಡ್ಡ ಮೀಸೆಯ ಮನುಷ್ಯ ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಮಾತಾಡುತ್ತಿದ್ದ. ಟ್ಯಾಂಕಿನ ಮೇಲೆ ಒಂದು ಚೀಲ. ಅವನು ನಮ್ಮನ್ನು ನೋಡಿದ. ನೋಡಿದವನು ಮುಂದೆ ಹೋಗಬೇಕೋ ಹಿಂದೆ ಸರಿಯಬೇಕೋ ತಿಳಿಯದೆ ನಡುರಸ್ತೆಯಲ್ಲಿ ಹಾಗೇ ನಿಂತುಬಿಟ್ಟ.

ಇವರ ಕಾಲು ಹೋದದ್ದು ನನಗೆ ಕಾಣಲಿಲ್ಲ, ಕೇಳಿಸಿತು. ಕಾರಿನ ಮೂತಿ ನೆಲಕ್ಕೆ ಬಗ್ಗಿತು. ನಾವು ಮುಂದಕ್ಕೆ ಜೋಲಿ ಹೊಡೆದೆವು. ಗರಗರ ಎಂದು ಆ ನಡುಕ ಶುರುವಾಯಿತು. ಈಗ ತೆಗೆಯುತ್ತಾರೆ, ಈಗ ತೆಗೆಯುತ್ತಾರೆ ಎಂದು ನಾನೂ ಕಾಲಡಿಯ ನೆಲವನ್ನು ಒತ್ತಿ ಹಿಡಿದೆ.

"ಕಾಲ ತಗೀಬ್ಯಾಡ್ರಿ" ಎಂದಳು ವಿದ್ಯಾ. ಅದೇ ಸಪ್ಪೆ ದನಿ, ಎದುರಿಗೆ ಎಣ್ಣೆ ಡಬ್ಬಿ ಇದೆಯೆಂಬಂತೆ.

ಅವರು ತೆಗೆಯಲಿಲ್ಲ.

ಕಾರು ನಿಂತಿತು. ಮೋಟಾರ್‌ಸೈಕಲ್ಲಿಗೂ ನಮಗೂ ನಡುವೆ ಒಬ್ಬ ತೆಳ್ಳಗಿನ ಮನುಷ್ಯ ಅಡ್ಡ ನಿಲ್ಲಬಹುದಾಗಿತ್ತು, ನನ್ನಂಥವಳಿಗೆ ಜಾಗವಿರಲಿಲ್ಲ. ಅವನ ಗಾಡಿ ವಾಲಿ ಚೀಲ ಕೆಳಗೆ ಬಿದ್ದು ಪೇರಲ ಹಣ್ಣುಗಳು ರಸ್ತೆಯ ತುಂಬ ಉರುಳಿದವು. ಎಲ್ಲ ನಿಂತ ಮೇಲೂ ಅವು ಮಾತ್ರ ಉರುಳುತ್ತಲೇ ಇದ್ದವು.

ಮೊದಲು ಇಳಿದವಳು ಅತ್ತೆ. ನೆಲ ಒತ್ತಿದ ರಭಸಕ್ಕೆ ಅವಳ ಒಂದು ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಅದನ್ನು ಎಳೆದುಕೊಂಡೇ ಹೋಗಿ ಅವನ ಮುಂದೆ ನಿಂತಳು.

"ಕಣ್ಣ ತಲಿ ಹಿಂದ ಅದಾವೇನು ನಿನಗ? ಇಷ್ಟ ದೊಡ್ಡ ಮೀಸಿ ಬಿಟ್ಟಿ, ಅದರಾಗ ಒಂದ ಕೂದಲದಷ್ಟ ಬುದ್ಧಿ ಬ್ಯಾಡೇನು? ಫೋನಿನ್ಯಾಗ ಯಾರ ಕೂಡ ಮಾತಾಡಾಕತ್ತಿದ್ದಿ, ಯಮಧರ್ಮನ ಕೂಡೇನು?"

ಅವನು ಫೋನನ್ನು ಜೇಬಿಗಿಳಿಸಿದ. ಆಮೇಲೆ ಮೀಸೆಯ ಮರ್ಯಾದೆಗೆ ಏನಾದರೂ ಹೇಳಬೇಕಲ್ಲ, "ಊರ ಮಂದಿ ಓಡಾಡೂ ರಸ್ತೇರಿ ಇದು, ಸಾವಕಾಶ ಬರಬೇಕು" ಎಂದ.

ಅಷ್ಟರಲ್ಲಿ ನಮ್ಮ ಮನೆಯವರು ಇಳಿದಿದ್ದರು. ಇಳಿದವರು, ನೀವು ಊಹಿಸಿದಂತೆಯೇ, ಅವನಿಗೆ ಕೈ ಮುಗಿದು "ತಪ್ಪ ತಿಳೀಬ್ಯಾಡ್ರಿ" ಎಂದು ಬಗ್ಗಿ ಪೇರಲ ಹಣ್ಣು ಆರಿಸತೊಡಗಿದರು. ಅತ್ತೆ ಅವನನ್ನು ಬಿಟ್ಟು ಇವರಿಗೆ ಬೈದಳು. ನಾನೂ ವಿದ್ಯಾಳೂ ಹಣ್ಣು ಕೂಡಿಸಿ ಚೀಲಕ್ಕೆ ಹಾಕಿದೆವು. ಅವನು ಮುಖ ತಿರುಗಿಸಿ ತನ್ನ ಗಾಡಿಯ ಕನ್ನಡಿಯನ್ನು ಸುಮ್ಮನೆ ಒರೆಸುತ್ತಾ ನಿಂತಿದ್ದ.

ನಾವು ಮತ್ತೆ ಹೊರಟು ಸ್ವಲ್ಪ ದೂರ ಹೋದ ಮೇಲೆ ಇವರು ಕಾರನ್ನು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಇಳಿದು ಹೋಗಿ ಕಲ್ಲಿನ ಮೇಲೆ ಕುಳಿತರು. ನಾನು ನೀರಿನ ಬಾಟಲಿ ಹಿಡಿದುಕೊಂಡು ಹೋದೆ. ಕುಡಿಯಲಿಲ್ಲ.

"ಸುಶೀ, ನಾ ಕಾಲ ತಗದಿದ್ರ ಏನಾಗ್ತಿತ್ತು?" ಎಂದರು.

"ತಗೀಲಿಲ್ಲಲ್ಲ."

"ಭಾಳ ಮನಸ್ಸಾಗಿತ್ತು, ತಗೀಬೇಕಂತ."

ನಾನು ಅವರ ಪಕ್ಕ ಕುಳಿತೆ. ಕಾರಿನೊಳಗಿಂದ ಅತ್ತೆ, ತಾನು ಅಷ್ಟು ಗಟ್ಟಿಯಾಗಿ ಒತ್ತಿದ್ದಕ್ಕೇ ಗಾಡಿ ನಿಂತದ್ದು ಎಂದು ವಿದ್ಯಾಳಿಗೆ ವಿವರಿಸುವುದು ಕೇಳಿಸುತ್ತಿತ್ತು. ವಿದ್ಯಾ, "ಹೌದಜ್ಜಿ, ನಿನ್ನ ಚಪ್ಪಲಿನ ಸಾಕ್ಷಿ" ಎನ್ನುತ್ತಿದ್ದಳು. ಆಗ ಇವರು ನಕ್ಕರು, ನೀರು ಕುಡಿದರು.

ನರಗುಂದದ ಮನೆ ಚೆನ್ನಾಗಿತ್ತು. ಗುಡ್ಡದ ಕಡೆಗೆ ಮುಖ ಮಾಡಿದ ಪಡಸಾಲೆ, ಹಿತ್ತಲಲ್ಲಿ ಗಾಣ, ಮನೆಯ ತುಂಬ ಕುಸುಬಿ ಎಣ್ಣೆಯ ವಾಸನೆ. ಹುಡುಗನ ತಾಯಿ ಶಾಂತಕ್ಕ ಹುಡುಗಿಯೂ ಬಂದದ್ದನ್ನು ಕಂಡು ಒಂದು ಕ್ಷಣ ಗಾಬರಿಯಾದರು. "ಇಲ್ಲಿ ಇರಾಕಿ ಅಕಿನ ಹೌದಲ್ಲವಾ" ಎಂದು ಅತ್ತೆ ಅಂದ ಮೇಲೆ ಅವರೂ ನಕ್ಕು ಒಳಗೆ ಕರೆದರು. ಮಂಜುನಾಥ ತಾನೇ ನೀರು ತಂದುಕೊಟ್ಟ. ಮಂಡಾಳ ಒಗ್ಗರಣೆ, ಮಿರ್ಚಿ ಬಂದವು.

"ನಮ್ಮಣ್ಣನೂ ಇನ್ನೇನ ಬಂದ. ಹೊಲದಿಂದ ನಿಮಗಂತ ಪೇರಲ ಹಣ್ಣ ಹರಕೊಂಡ ಬರಾಕ ಹೇಳೇನಿ" ಎಂದರು ಶಾಂತಕ್ಕ.

ಪೇರಲ ಎಂಬ ಮಾತಿಗೆ ನಾವು ನಾಲ್ವರೂ ಬಾಯಾಡಿಸುವುದನ್ನು ನಿಲ್ಲಿಸಿದೆವು. ಅಷ್ಟರಲ್ಲಿ ಬಾಗಿಲಲ್ಲಿ ಚೀಲ ಕಾಣಿಸಿತು, ಚೀಲದ ಹಿಂದೆ ಮೀಸೆ ಕಾಣಿಸಿತು.

ಅವನು ಹೊಸ್ತಿಲ ಮೇಲೆ ಒಂದು ಕಾಲಿಟ್ಟವನು ಇನ್ನೊಂದನ್ನು ಒಳಗಿಡುವುದನ್ನು ಮರೆತ. ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವಾಗ ಬರುತ್ತದೆಂದು ಬಹಳ ಆಸ್ಥೆಯಿಂದ ನೋಡತೊಡಗಿದಳು. ನಮ್ಮ ಮನೆಯವರು ಎದ್ದು ಆ ದಿನದ ಎರಡನೆಯ ನಮಸ್ಕಾರವನ್ನು ಅವನಿಗೆ ಮಾಡಿದರು.

"ಇಂವನ ನಮ್ಮಣ್ಣ, ವೀರಪ್ಪ" ಎಂದರು ಶಾಂತಕ್ಕ. "ನಮ್ಮನಿಯಾಗ ಇವನ ಮಾತ ಕಡೀದು."

ವೀರಪ್ಪನವರು ಕುಳಿತರು. ನಾವು ಹೇಳುತ್ತೇವೆಂದು ಅವರಿಗೆ ಭಯ, ಅವರು ಸಿಟ್ಟಿಟ್ಟುಕೊಂಡಿದ್ದಾರೆಂದು ನಮಗೆ ಭಯ. ಎರಡೂ ಕಡೆಯವರು ರಸ್ತೆಯ ಸುದ್ದಿಯೊಂದನ್ನು ಬಿಟ್ಟು ಜಗತ್ತಿನ ಎಲ್ಲ ಸುದ್ದಿ ಮಾತಾಡಿದೆವು. ಶಾಂತಕ್ಕ ಪೇರಲ ಹೆಚ್ಚಿ ಉಪ್ಪು ಖಾರ ಹಚ್ಚಿ ತಂದರು. ಅತ್ತೆ ಒಂದು ಹೋಳು ಬಾಯಿಗಿಟ್ಟು, ನಿಧಾನ ಅಗಿದು, "ಹಣ್ಣ ಭಾಳ ರುಚಿ ಅದಾವ. ಎಲ್ಲೋ ಒಂದೀಟ ಪೆಟ್ಟ ಬಿದ್ದಂಗ ಕಾಣತೈತಿ" ಎಂದಳು. ವೀರಪ್ಪನವರಿಗೆ ನೆತ್ತಿ ಹತ್ತಿತು. ನಾನು ಚಾಪೆಯ ಮೇಲೆ ಕಾಲು ಚಾಚಿ ಅತ್ತೆಯ ಪಾದವನ್ನು ಗಟ್ಟಿಯಾಗಿ ಒತ್ತಿದೆ. ಅದಕ್ಕೆ ಬ್ರೇಕು ಇರಲಿಲ್ಲ. ಅವಳು ಇನ್ನೊಂದು ಹೋಳು ತೆಗೆದುಕೊಂಡಳು.

ಕೆಮ್ಮು ನಿಂತ ಮೇಲೆ ವೀರಪ್ಪನವರು ಮೀಸೆ ಒರೆಸಿಕೊಂಡು ನೇರ ವಿಷಯಕ್ಕೆ ಬಂದರು.

"ಹುಡುಗಿ ಎಲ್ಲಾ ಪಸಂದ ಅದಾಳ್ರಿ. ಈ ನೌಕರಿ ಒಂದ ಬಿಡಬೇಕು. ಹೆಣ್ಣಮಗಳು ಬ್ರೇಕು, ಕ್ಲಚ್ಚು ಅಂತ ಹುಡುಗರಿಗೆ ಕಲಸೂದು ಚಂದೇನ್ರಿ? ಅದರಿಂದ ಯಾರಿಗೇನ ಉಪಯೋಗ?"

ವಿದ್ಯಾ ಮಂಜುನಾಥನ ಕಡೆ ತಿರುಗಿ, "ನಿಮಗೇನ ಅನಸ್ತೈತ್ರಿ?" ಎಂದು ಕೇಳಿದಳು. ಆ ಹುಡುಗ ಬಾಯಿ ತೆರೆದ. ತೆರೆದವನು ಮಾವನ ಮುಖ ನೋಡಿದ. ನೋಡಿ ಬಾಯಿ ಮುಚ್ಚಿದ.

ಆಗ ನಮ್ಮ ಮನೆಯವರು ತಟ್ಟೆಯನ್ನು ಧಡಕ್ಕನೆ ಕೆಳಗಿಟ್ಟರು. ಸದ್ದಿಗೆ ಎಲ್ಲರೂ ಅವರತ್ತ ನೋಡಿದರು. ನನಗೆ ಗೊತ್ತಿದ್ದ ರಭಸ ಅದು. ಇನ್ನು ಮಳೆಯ ವಿಷಯ ಕೇಳುತ್ತಾರೆ ಎಂದುಕೊಂಡೆ.

"ಉಪಯೋಗ ಐತ್ರಿ" ಎಂದರು. ದನಿ ಮೆತ್ತಗೇ ಇತ್ತು, ಆದರೆ ಹಿಂದೆ ಸರಿಯಲಿಲ್ಲ. "ಬ್ರೇಕ್ ಒತ್ತಿದ ಮ್ಯಾಲೆ ನಾ ಯಾವಾಗ್ಲೂ ಅರ್ಧಕ್ಕ ಕಾಲ ತಗೀತಿದ್ದೆ. ತಗೀಬಾರದಂತ ಇಕಿ ನನಗ ಕಲಿಸ್ಯಾಳ. ಹಂಗ ಕಲಿಸಿದ್ದಕ್ಕನ ಈಗ ತಾವು ಇಲ್ಲಿ ಕುಂತ ಕೇಳಾಕತ್ತೀರಿ. ನೌಕರಿ ಬಿಡಿಸಿ ಮಗಳನ್ನ ಕೊಡೂದು ನಮಗ ಆಗೂದಿಲ್ರಿ."

ಇಷ್ಟು ಉದ್ದದ 'ಇಲ್ಲ'ವನ್ನು ಅವರ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ವೀರಪ್ಪನವರು ಚಹಾದ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ತಂಗಿಗೆ ಹೇಳಿದರು: "ಶಾಂತಾ, ಬರೂ ಮುಂದ ಬಣವಿ ಹತ್ರ ಇವರ ಗಾಡಿಗೆ ಅಡ್ಡ ಹೋಗಿದ್ದೆ. ತಪ್ಪ ನಂದ. ಫೋನಿನ್ಯಾಗ ಇದ್ದೆ."

"ಫೋನಿನ್ಯಾಗ ಅಂದ್ರ?" ಶಾಂತಕ್ಕ ಕೈಯಲ್ಲಿದ್ದ ತಟ್ಟೆ ಇಳಿಸಿದರು. "ಹಣ್ಣ ಹರದಿ ಏನ ಅಂತ ನಾನ ಕೇಳಾಕತ್ತಿದ್ದೆ. ಗಾಡಿ ನಿಂದರಿಸಿ ಮಾತಾಡಾಕತ್ತೀನಿ ಅಂದಿ ನನಗ."

ಮುಂದಿನ ಹೊತ್ತನ್ನು ನಾನು ವಿವರಿಸುವುದಿಲ್ಲ. ಅಣ್ಣನ ಮಾತೇ ಕಡೆಯದೆಂದು ಹೇಳಿದ್ದ ಆ ತಂಗಿ ಅತ್ತು, ಬೈದು, ಮತ್ತೆ ಅತ್ತು, ಅವರನ್ನು ಹುಡುಗನಂತೆ ಕೂರಿಸಿಬಿಟ್ಟರು. ಅತ್ತೆ ಮಾತ್ರ, ಬೈಗುಳದಲ್ಲಿ ತಾನು ಬಿಟ್ಟಿದ್ದ ಅಂಶಗಳನ್ನು ಶಾಂತಕ್ಕ ತುಂಬುತ್ತಿದ್ದಾರೆಂದು ತೃಪ್ತಿಯಿಂದ ತಲೆದೂಗುತ್ತಿದ್ದಳು. ಎಲ್ಲ ತಣ್ಣಗಾದ ಮೇಲೆ ವೀರಪ್ಪನವರು ವಿದ್ಯಾಳನ್ನು, "ಹೌದೇನವ್ವಾ, ಕಾಲ ತಗದ್ರ ಗಾಡೀನೂ ಬಿಡತೈತೇನು?" ಎಂದು ಕೇಳಿದರು. ಅವಳು ಹೇಳಿದಳು. ನಡುವೆ ಪ್ರಶ್ನೆ ಹಾಕದೆ ಪೂರ್ತಿ ಕೇಳಿದರು.

ಅಷ್ಟಾದರೂ ಮಾತು ಮುಗಿಯಲಿಲ್ಲ. ಆಮೇಲೆ ತಿಳಿಸುತ್ತೇವೆ ಎಂದು ಎದ್ದು ಬಂದೆವು. ಹಿಂದಿರುಗುವಾಗ ಕಾರಿನಲ್ಲಿ ವಿದ್ಯಾಳನ್ನು ಕೇಳಿದೆ.

"ಮನಿ ಚಲೋ ಐತಿ. ಅವರವ್ವನೂ ಚಲೋ. ಆ ಮಾವನೂ ಕೆಟ್ಟವರಲ್ಲ ಬಿಡು" ಎಂದಳು.

"ಹುಡುಗ?"

"ಕೇಳಿದ್ದಕ್ಕ ಉತ್ತರಾ ಕೊಡೂಕಿಂತ ಮೊದ್ಲ ಮಾವನ ಮುಖಾ ನೋಡ್ತಾರ. ನನಗ ಬ್ಯಾಡ."

ಅತ್ತೆ ಹೊಸ ಚಪ್ಪಲಿ ಹಾಕಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದಳು. ನರಗುಂದಕ್ಕೆ ಫೋನು ಮಾಡಿ ಬೇಡವೆಂದು ಹೇಳುವ ಕೆಲಸ ಇವರ ಪಾಲಿಗೆ ಬಂತು. ಒಂದು ಗಟ್ಟಿ ಮಾತನ್ನು ಆಡಿ ಖರ್ಚು ಮಾಡಿಕೊಂಡಿದ್ದರಿಂದಲೋ ಏನೋ, ದಿನಾ ಫೋನು ತೆಗೆಯುವುದು, ಒರೆಸುವುದು, ಇಡುವುದು ನಡೆಯಿತು.

ಅವರು ಇನ್ನೂ ಒರೆಸುತ್ತಿದ್ದ ವಾರದಲ್ಲೇ ಒಂದು ಸಂಜೆ ವಿದ್ಯಾ ಕೆಲಸದಿಂದ ತಡವಾಗಿ ಬಂದಳು. ಬಚ್ಚಲ ಕಲ್ಲಿನ ಮೇಲೆ ಕುಳಿತು ಕೈಯ ಗ್ರೀಸು ತೊಳೆಯುತ್ತಾ, ಯಾರಿಗೋ ಸಂಬಂಧಿಸಿದ ಸುದ್ದಿಯಂತೆ, "ಇವತ್ತ ನರಗುಂದದವರು ಬಂದಿದ್ರು" ಎಂದಳು.

ನಾನು ಒಲೆಯ ಮೇಲಿನ ರೊಟ್ಟಿ ಬಿಟ್ಟು ಬಂದೆ. "ಯಾರು? ವೀರಪ್ಪನವರೇನು?"

"ಅಲ್ಲ. ಅವರ ಸೋದರಳಿಯ. ಒಬ್ಬರ ಬಂದಿದ್ರು. ನಾ ಟ್ರ್ಯಾಕ್ಟರಿನ ಕೆಳಗ ಇದ್ದೆ, ಪಾಠ ನಡದಿತ್ತು. ಮುಗಿಯೂತನಕ ಬಿಸಲಾಗ ನಿಂತಿದ್ರು."

"ಏನಂದ್ರು?"

"ಅವತ್ತ ನಾ ಕೇಳಿದ್ದಕ್ಕ ಉತ್ತರಾ ಹೇಳಾಕ ಬಂದೀನಿ ಅಂದ್ರು. ನೌಕರಿ ಬಿಡಬ್ಯಾಡ್ರಿ, ನರಗುಂದದಿಂದ ದಿನಾ ಓಡಾಡ್ರಿ, ಮುಂಜಾನೆ ಬಸ್ಸ ತಪ್ಪಿದ್ರ ನಾ ಬಿಡ್ತೀನಿ ಅಂದ್ರು. ಮಾವನ್ನ ಕೇಳೀರೇನು ಅಂದೆ. ಇಲ್ರಿ, ನಿಮ್ಮನ್ನ ಕೇಳಿ ಆಮ್ಯಾಲೆ ಅವರಿಗೆ ಹೇಳ್ತೀನಿ ಅಂದ್ರು."

"ನೀ ಏನಂದಿ?"

"ನಾಳೆ ಹೇಳ್ತೀನಿ ಅಂದೆ."

"ನಾಳೆ ಯಾಕ? ಅಷ್ಟ ದೂರ ಬಂದವರಿಗೆ ಇವತ್ತ ಹೇಳಬೇಕಿತ್ತಿಲ್ಲೋ?"

ವಿದ್ಯಾ ಉಗುರಿನ ಸಂದಿಯ ಗ್ರೀಸನ್ನು ನಿಧಾನವಾಗಿ ತಿಕ್ಕಿದಳು.

"ಇವತ್ತ ಹೇಳಿದ್ರ ಅವರು ನಾಳೆ ಯಾಕ ಬರ್ತಾರಬೇ?" ಎಂದಳು.